ಗುಂಡನಿಗೆ ಬೇಕಾದ ಹುಲ್ಲು

ನನ್ನ ಮಗಳ ಮನೆ ಬೆಂಗಳೂರಿನ ಒಂದು ಬಡಾವಣೆಯಲ್ಲಿದೆ. ಮೂವತ್ತು-ನಲವತ್ತರ ನಿವೇಶನ. ಹಿಂಭಾಗದಲ್ಲಿ ಹತ್ತಡಿ ಅಗಲ, ಇಪ್ಪತ್ತಡಿ ಉದ್ದದಷ್ಟು ಮಣ್ಣು ಉಳಿದಿತ್ತು. ಇಂದಿನ ಬೆಂಗಳೂರಿನಲ್ಲಿ ಅಷ್ಟು ಉಳಿಯುವುದೇ ದೊಡ್ಡ ಮಾತು. ಮೊಮ್ಮಗಳು ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ ಗುಂಡನೆಂಬ ನಾಯಿಗೆ ಆ ಜಾಗವೇ ಆಟದ ಬಯಲು, ಅದೇ ಶೌಚಾಲಯ. ಮಳೆ ಬಂದರೆ ಅವನ ನಾಲ್ಕು ಕಾಲುಗಳ ಕೆಸರೂ ನಡುಮನೆಗೆ ಬರುತ್ತಿತ್ತು. 2023ರ ಡಿಸೆಂಬರಿನಲ್ಲಿ ಅಳಿಯಂದಿರು ಕೇಳಿದರು: "ಮಾವ, ಹಿಂದುಗಡೆ ಕೃತಕ ಹುಲ್ಲು ಹಾಕಿಸಿಬಿಡೋಣವೇ? ಕೆಸರಿನ ಕಾಟ ತಪ್ಪುತ್ತದೆ." ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನು ಹಿಂದುಮುಂದು ಯೋಚಿಸದೆ "ಆಗಲಿ, ಹಾಕಿಸಿ" ಎಂದುಬಿಟ್ಟೆ. ಈ ಬರಹವನ್ನು ನನ್ನ ತಪ್ಪೊಪ್ಪಿಗೆಯೆಂದು ತಿಳಿದರೂ ಅಡ್ಡಿಯಿಲ್ಲ.

ಕೆಲಸದವರು ಬಂದರು. ಮಣ್ಣಿನ ಮೇಲೆ ಕಾಂಕ್ರೀಟು ಹಾಕಿದರು. ಅದು ಗಟ್ಟಿಯಾದ ಮೇಲೆ ಹಸಿರು ಹಾಸನ್ನು ಅಂಟಿಸಿ ಹೊರಟುಹೋದರು. ನೋಡಲು ಬಹಳ ಚೆಂದವಿತ್ತು. ನೆರೆಹೊರೆಯವರು ಬಂದು ಕೈಯಿಂದ ಸವರಿ ಮೆಚ್ಚಿದರು. ಮೆಚ್ಚದವನು ಗುಂಡನೊಬ್ಬನೇ.

ಮಾರ್ಚ್ ತಿಂಗಳು ಕಾಲಿಟ್ಟಿತು. ಬೆಳಿಗ್ಗೆ ಹತ್ತು ಗಂಟೆ ದಾಟಿದರೆ ಗುಂಡ ಬಾಗಿಲ ಹೊಸ್ತಿಲಲ್ಲೇ ನಿಂತು ಹಿಂದಕ್ಕೆ ಬರುತ್ತಿದ್ದ. ಸಂಜೆಯವರೆಗೆ ಮೂತ್ರ ಕಟ್ಟಿಕೊಂಡು ಮಲಗಿರುತ್ತಿದ್ದ. ಸೋಮಾರಿಯಾಗಿದ್ದಾನೆಂದು ನಾವು ಗದರಿಸಿದೆವು. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲೆಂದು ನಾನು ಬರಿಗಾಲಿನಲ್ಲಿ ಹೋದೆ. ಮೂರನೆಯ ಹೆಜ್ಜೆಗೆ ಕುಣಿಯುತ್ತ ಹಿಂದಿರುಗಿದೆ. ನನಗಾದರೋ ಚಪ್ಪಲಿಯಿದೆ. ನಾಯಿಗೆ ಅಂಗಾಲೇ ಚಪ್ಪಲಿ. ಅದರ ದೇಹದಲ್ಲಿ ಬೆವರುವ ಜಾಗವೂ ಬಹುಮಟ್ಟಿಗೆ ಅದೊಂದೇ.

ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ನಾನೇ ಹೇಳಿಕೊಟ್ಟ ಪಾಠವಿದು. ಜೀವಂತ ಹುಲ್ಲು ಬಾಷ್ಪವಿಸರ್ಜನೆಯಿಂದ ನೀರನ್ನು ಆವಿಯಾಗಿಸಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ವಿದ್ಯೆ ತಿಳಿಯದು. ಗಾಳಿಯ ಉಷ್ಣತೆ 35 ಡಿಗ್ರಿಯಿರುವಾಗ ಬಿಸಿಲಿನಲ್ಲಿರುವ ಕೃತಕ ಹುಲ್ಲಿನ ಮೈ 60 ಡಿಗ್ರಿಯನ್ನು ಮೀರಬಲ್ಲದು. ನೀರು ಚಿಮುಕಿಸಿದರೆ ಆರುತ್ತದೆ, ಆದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಕಾಯುತ್ತದೆ.

ಈ ವಸ್ತು ಹೆಸರು ಮಾಡಿದ ಬಗೆಯನ್ನು ನೆನೆದರೆ ನಗು ಬರುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಚಾವಣಿಯುಳ್ಳ ಕ್ರೀಡಾಂಗಣ ತೆರೆಯಿತು. ಪಾರದರ್ಶಕ ಚಾವಣಿಯಿಂದ ಬರುವ ಪ್ರಖರ ಬೆಳಕಿಗೆ ಆಟಗಾರರ ಕಣ್ಣು ಕೋರೈಸುತ್ತದೆಂದು ಅದಕ್ಕೆ ಬಣ್ಣ ಬಳಿದರು. ಬಿಸಿಲಿಲ್ಲದೆ ಒಳಗಿನ ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿಗೆ ಕೃತಕ ಹುಲ್ಲು ಬಂದು ಆಸ್ಟ್ರೋಟರ್ಫ್ ಎಂದು ಪ್ರಸಿದ್ಧವಾಯಿತು. (ಹತ್ತು ವರ್ಷಗಳ ಬಳಿಕ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ, ಹಾಕಿಯೂ ಈ ಹಾಸಿಗೆ ಏರಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ನಾವು ಏಳನೆಯ ಸ್ಥಾನಕ್ಕೆ ಇಳಿದೆವು. ಆ ದುಃಖ ನನ್ನ ವಯಸ್ಸಿನವರಿಗೆ ಇನ್ನೂ ಇದೆ.) ಹೀಗೆ ಬಿಸಿಲು ಕಾಣದ ಜಾಗಕ್ಕೆಂದು ಬಂದ ವಸ್ತುವನ್ನು ನಾವು ಬಿಸಿಲು ಸುರಿಯುವ ಜಾಗಕ್ಕೆ ತಂದು ಹಾಸುತ್ತಿದ್ದೇವೆ.

ಎರಡನೆಯ ಸಂಕಟ ವಾಸನೆಯದು. ಮಣ್ಣಿನಲ್ಲಿ ಬಿದ್ದ ಮೂತ್ರ ಇಂಗುತ್ತದೆ, ಅದರ ಸಾರಜನಕವನ್ನು ಮಣ್ಣೂ ಬೇರುಗಳೂ ಹಂಚಿಕೊಳ್ಳುತ್ತವೆ. ಹಾಸಿನ ತೂತುಗಳಲ್ಲಿ ಇಳಿದ ಮೂತ್ರವು ಕೆಳಗಿನ ಕಾಂಕ್ರೀಟಿನ ಮೇಲೆ ನಿಂತರೆ, ಸೂಕ್ಷ್ಮಾಣುಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಏಪ್ರಿಲ್ ಹೊತ್ತಿಗೆ ಅಡುಗೆಮನೆಯ ಕಿಟಕಿ ತೆರೆಯುವಂತಿರಲಿಲ್ಲ. ಕಾರಣ ಹುಡುಕಿದಾಗ, ನೀರು ಹರಿಯಲು ಕೊಡಬೇಕಾದ ಇಳಿಜಾರನ್ನೇ, ಗಾರೆಯವರು ವಾಟ ಎನ್ನುತ್ತಾರಲ್ಲ ಅದನ್ನೇ, ಕೊಟ್ಟಿರಲಿಲ್ಲ.

ಆದರೆ ನನ್ನ ಮನಸ್ಸನ್ನು ನಿಜವಾಗಿ ಕಲಕಿದ ಘಟನೆ ಬೇರೆ. ಹೊಟ್ಟೆ ಸರಿಯಿಲ್ಲದಾಗ ನಾಯಿ ಗರಿಕೆ ತಿನ್ನುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ. ಗುಂಡನೂ ತಿನ್ನುತ್ತಿದ್ದ. ಒಂದು ಮುಂಜಾನೆ ಅವನು ಆ ಹಾಸಿನ ಅಂಚನ್ನು ಮೂಸಿ, ತಲೆಯೋರೆ ಮಾಡಿ, ಎಂದಿನಂತೆ ಅಗಿದು ಎಳೆಯುತ್ತಿದ್ದ. ಮರುದಿನ ಅವನ ಮಲದಲ್ಲಿ ಹಸಿರು ಪ್ಲಾಸ್ಟಿಕ್ ಎಳೆಗಳು ಕಂಡವು. ಪಶುವೈದ್ಯರು ಹೇಳಿದರು: "ಇದು ಹೊರಗೆ ಬಂದದ್ದು ನಿಮ್ಮ ಪುಣ್ಯ ಮೇಷ್ಟ್ರೇ. ಕರುಳಿನಲ್ಲಿ ಸಿಕ್ಕಿಕೊಂಡಿದ್ದರೆ ಹೊಟ್ಟೆ ಕೊಯ್ಯಬೇಕಾಗುತ್ತಿತ್ತು. ಹಗಲೆಲ್ಲ ಮೂತ್ರ ಕಟ್ಟಿಕೊಳ್ಳುವುದೂ ಒಳ್ಳೆಯದಲ್ಲ." ಮೊಮ್ಮಗಳು "ತಾತ, ಅವನಿಗೆ ನಾವು ಸುಳ್ಳು ಹೇಳಿದ ಹಾಗಾಯಿತಲ್ಲ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕೃತಕ ಹುಲ್ಲನ್ನು ಯಾರೂ ಹಾಕಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಮಣ್ಣೇ ಇಲ್ಲದ ಫ್ಲಾಟಿನ ಬಾಲ್ಕನಿಯಲ್ಲಿ ಮುದಿ ನಾಯಿಯನ್ನು ಸಾಕುವವರಿಗೆ, ನುಣುಪಾದ ಟೈಲ್ಸಿನ ಮೇಲೆ ಅದರ ಕಾಲು ಜಾರದಂತೆ ತಡೆಯಲು ಒಂದು ತುಂಡು ಹಾಸು ಉಪಕಾರಿಯೇ ಹೌದು. ಆದರೆ ನೀರು ಉಳಿಯುತ್ತದೆಂಬ ಮಾರಾಟಗಾರರ ಮಾತನ್ನು ಮಾತ್ರ ನಾಯಿಯಿರುವ ಮನೆಯವರು ನಂಬಬೇಡಿ. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದಾಗ, ನಾವು ಪ್ಲಾಸ್ಟಿಕ್ಕನ್ನು ತೊಳೆಯಲು ದಿನಕ್ಕೆ ಆರು ಬಕೆಟ್ ನೀರು ಹೊಯ್ಯುತ್ತಿದ್ದೆವು.

ಹಾಕಿಸಲೇಬೇಕೆಂದಿದ್ದರೆ ಅದನ್ನು ಹುಲ್ಲೆಂದು ಭಾವಿಸದೆ, ಬಯಲಿನಲ್ಲಿ ಹಾಸಿದ ಜಮಖಾನವೆಂದು ಭಾವಿಸಿ. ಮಣ್ಣಿದ್ದರೆ ಕಾಂಕ್ರೀಟು ಬೇಡ. ಜಲ್ಲಿ ಮತ್ತು ಜಲ್ಲಿಪುಡಿ ಹರಡಿ, ದಿಮ್ಮಸು ಹಾಕಿ, ಮೋರಿಯ ಕಡೆಗೆ ವಾಟ ಕೊಡಿಸಿ. ಎಳೆಗಳು ಗಿಡ್ಡವಾಗಿದ್ದಷ್ಟೂ ತೊಳೆಯುವುದು ಸುಲಭ. ಎಳೆಗಳ ನಡುವೆ ಹಳೆಯ ಟೈರಿನ ರಬ್ಬರ್ ಪುಡಿ ತುಂಬಿಸಲು ಖಂಡಿತ ಒಪ್ಪಬೇಡಿ; ಅದು ಇನ್ನಷ್ಟು ಕಾಯುತ್ತದೆ, ನಾಯಿಯ ಬಾಯಿಗೂ ಹೋಗುತ್ತದೆ. ಯುರೋಪಿನ ಒಕ್ಕೂಟವಂತೂ ಮೈದಾನಗಳಿಗೆ ತುಂಬುವ ಇಂಥ ಹರಳುಗಳ ಮಾರಾಟವನ್ನು, 8 ವರ್ಷಗಳ ಕಾಲಾವಕಾಶ ಕೊಟ್ಟು, 2023ರಲ್ಲಿ ನಿಷೇಧಿಸಿತು. ಬದಲಿಗೆ ಜಿಯೋಲೈಟ್ ಎಂಬ ಖನಿಜದ ಹರಳು ಹಾಕಿಸಬಹುದು. ಅದು ಅಮೋನಿಯಾವನ್ನು ಸ್ವಲ್ಪಮಟ್ಟಿಗೆ ಹಿಡಿದಿಡುತ್ತದೆ, ಆದರೆ ತೊಳೆಯುವ ಕೆಲಸವನ್ನು ತಪ್ಪಿಸುವುದಿಲ್ಲ. ಅಂಚುಗಳನ್ನು ನಾಯಿಯ ಹಲ್ಲಿಗೆ ಸಿಗದಂತೆ ಕಲ್ಲಿನ ಕೆಳಗೆ ಸೇರಿಸಿ. ಮೇಲೆ ನೆರಳಿರಲಿ. ಬೇಸಿಗೆಯಲ್ಲಿ ನಾಯಿಯನ್ನು ಬಿಡುವ ಮುನ್ನ ನಿಮ್ಮ ಮುಂಗೈಯನ್ನು ಏಳೆಂಟು ಸೆಕೆಂಡು ಅದರ ಮೇಲೆ ಒತ್ತಿ ನೋಡಿ; ನಿಮಗೆ ತಾಳಲಾಗದಿದ್ದರೆ ಅದಕ್ಕೂ ಆಗದು. ಇಷ್ಟೆಲ್ಲ ಮಾಡಿದ ಮೇಲೂ, ಮೊಣಕಾಲುದ್ದದ ಜಾಗದಲ್ಲಾದರೂ ಸರಿ, ನಿಜವಾದ ಮಣ್ಣನ್ನು ನಾಯಿಗೆಂದು ಬಿಟ್ಟಿರಿ.

ನಾವು 2024ರ ಜೂನ್‌ನಲ್ಲಿ ಅರ್ಧ ಭಾಗದ ಹಾಸನ್ನು ಕಿತ್ತು, ಕಾಂಕ್ರೀಟು ಒಡೆಸಿ, ಊರಿನಿಂದ ಒಂದು ಚೀಲ ಗರಿಕೆಯ ಬೇರು ತಂದು ನೆಟ್ಟೆವು. ಹಾಕಿಸಿದ್ದಕ್ಕಿಂತ ಒಡೆಸಲು ಕಷ್ಟವಾಯಿತು. ಮೊದಲ ವಾರ ಗುಂಡನೇ ಅರ್ಧದಷ್ಟು ಬೇರುಗಳನ್ನು ಕೆದರಿ ಹಾಕಿದ. ಉಳಿದವು ಹಬ್ಬಿಕೊಂಡವು. ಅವನು ಮೂತ್ರ ಮಾಡಿದ ಕಡೆ ಹಳದಿ ಕಲೆಗಳು ಏಳುತ್ತವೆ. ಮೊಮ್ಮಗಳು ಕೂಡಲೇ ಒಂದು ಚೊಂಬು ನೀರು ಹೊಯ್ಯುತ್ತಾಳೆ, ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಕೆಸರೂ ಮೊದಲಿನಂತೆಯೇ ನಡುಮನೆಗೆ ಬರುತ್ತದೆ. ಬಾಗಿಲಲ್ಲಿ ಒಂದು ಹಳೆಯ ಗೋಣಿಚೀಲ ಹಾಸಿದ್ದೇವೆ. ಗಣೇಶನ ಹಬ್ಬಕ್ಕೆ ಮಾತ್ರ ಗರಿಕೆಯನ್ನು ಮಾರುಕಟ್ಟೆಯಿಂದಲೇ ತರುತ್ತೇವೆ. ಕಾರಣ ಹೇಳಬೇಕಾಗಿಲ್ಲವಷ್ಟೆ.