ಊಟಕ್ಕೆ ಕಮ್ಮಿಯೇ? ಬಟ್ಟೆಗೆ ಕಮ್ಮಿಯೇ?

ಮನಸ್ಸಿನ ಕಾಯಿಲೆಯವರ ಜೊತೆ ಕೂತು ಮಾತಾಡುವುದೇ ನನ್ನ ಕಸುಬು. ನನ್ನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ. ಮೂರನೆಯದು ಮನೆಯವರಿಗೆಂದು ಹಾಕಿಸಿದ್ದು. ಬಹುತೇಕ ದಿನ ಅದು ಖಾಲಿ. ಮನೆಯವರು ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿರುತ್ತಾರೆ. "ಆಕಿಗೆ ಆಗಿದ್ದಕ್ಕೆ ನಾನ್ಯಾಕ್ರಿ ಒಳಗೆ?"

ಇತ್ತೀಚೆಗೆ ಒಬ್ಬ ತಾಯಿ ಬಂದರು. ಗುರುತು ಬದಲಿಸಿ ಬರೆಯುತ್ತಿದ್ದೇನೆ. ವರ್ಷದಿಂದ ತಲೆನೋವು, ಎದೆ ಭಾರ. ಎಕ್ಸ್‌ರೇ ಆಯಿತು, ಗ್ಯಾಸಿನ ಮಾತ್ರೆ ಆಯಿತು, ತಾಯತವೂ ಆಯಿತು. ಗಂಡನನ್ನು ಒಳಗೆ ಕರೆಸಿ ಒಂದೇ ಪ್ರಶ್ನೆ ಕೇಳಿದೆ: "ಇವರು ರಾತ್ರಿ ಎಷ್ಟು ತಾಸು ಮಲಗ್ತಾರೆ?" ಆತನಿಗೆ ಗೊತ್ತಿರಲಿಲ್ಲ. ಒಂದೇ ಮನೆ, ಇಪ್ಪತ್ತೆರಡು ವರ್ಷದ ಸಂಸಾರ! ಸಿಟ್ಟಿನಿಂದ ಆತ ಅಂದದ್ದು ಇಷ್ಟು: "ಊಟಕ್ಕೆ ಕಮ್ಮಿ ಮಾಡಿಲ್ಲ, ಬಟ್ಟೆಗೆ ಕಮ್ಮಿ ಮಾಡಿಲ್ಲ, ಇನ್ನೇನ್ರಿ ಬೇಕು?"

ಈ ಮಾತು ಯಾರ ಮನೆಯಲ್ಲಿಲ್ಲ ಹೇಳಿ? ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೂ ಇದೇ, ಬಾಣಂತಿ ಅತ್ತರೂ ಇದೇ, ಮುದುಕರು ಮಾತು ಬಿಟ್ಟು ಮೂಲೆ ಹಿಡಿದರೂ ಇದೇ. ಹೇಳುವವರು ಕೆಟ್ಟವರಲ್ಲ. ಆದರೆ ಆ ಮಾತು ಕೇಳಿದವರು ಮತ್ತೆ ಬಾಯಿ ಬಿಡುವುದಿಲ್ಲ.

ಎಲ್ಲ ಬೇಸರವೂ ಕಾಯಿಲೆಯಲ್ಲ, ನಿಜ. ಆದರೆ ಎರಡು ವಾರ ದಾಟಿದರೂ ನಿದ್ದೆಯಿಲ್ಲ, ಊಟ ಸೇರದು, ಯಾವುದರಲ್ಲೂ ಆಸಕ್ತಿಯಿಲ್ಲ ಎಂದರೆ ಅದು ನಾಟಕವಲ್ಲ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ವಾಸಿಯಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ನುಂಗಬೇಕು. "ಆರಾಮಾದ್ಲು, ಇನ್ಯಾಕೆ ಗುಳಿಗೆ?" ಎಂದು ನಿಲ್ಲಿಸುವವರು ಮನೆಯವರೇ. ಇನ್ನು, ಮನೆಯಲ್ಲೇ ಕುಡಿತ, ಹೊಡೆತ ಇದ್ದರೆ? ಬರೀ ಗುಳಿಗೆ ಏನು ಮಾಡೀತು, ಸ್ವಾಮೀ!

ನಮ್ಮ ಬಳ್ಳಾರಿಗೆ ಈ ವಿಷಯದಲ್ಲಿ ಒಂದು ಹೆಸರಿದೆ. 1985ರಲ್ಲಿ ನಿಮ್ಹಾನ್ಸ್‌ನವರು ಜಿಲ್ಲಾ ಮಾನಸಿಕ ಆರೋಗ್ಯದ ಪ್ರಯೋಗ ಮಾಡಿದ್ದು ಈ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತಂದರು. 1996ರಿಂದ ದೇಶದ ಬೇರೆ ಜಿಲ್ಲೆಗಳಿಗೆ ಹೋದದ್ದು ಇದೇ ಮಾದರಿ. 2017ರ ಕಾಯಿದೆ ಮಾನಸಿಕ ಚಿಕಿತ್ಸೆಯನ್ನು ಹಕ್ಕು ಮಾಡಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯೆಂದಲ್ಲ, ತೀವ್ರ ಒತ್ತಡದಲ್ಲಿದ್ದವರೆಂದು ನೋಡಬೇಕು ಎನ್ನುತ್ತದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸರಕಾರ ಮನೆ ಬಾಗಿಲ ತನಕ ಬಂದೀತು. ಒಳಗೆ ಬಂದು "ರಾತ್ರಿ ನಿದ್ದೆ ಬಂತಾ?" ಎಂದು ಕೇಳೀತೇ? ಅದು ಮನೆಯವರ ಕೆಲಸ. ಕೇಳಿದ ಮೇಲೆ ಉಪದೇಶ ಬೇಡ, ಪಕ್ಕದ ಮನೆಯವರ ಹೋಲಿಕೆ ಬೇಡ. ಹತ್ತು ನಿಮಿಷ ಸುಮ್ಮನೆ ಕೂತು ಕೇಳಿಸಿಕೊಂಡರೆ ಆಯಿತು.

ಆ ಗಂಡ ಮುಂದಿನ ಸಲ ಕರೆಯದೆಯೇ ಒಳಗೆ ಬಂದ. ಜೇಬಿನಿಂದ ಒಂದು ಚೀಟಿ ತೆಗೆದ. "ಸೋಮವಾರ ಎರಡು ತಾಸು, ಮಂಗಳವಾರ ಮೂರು, ಬುಧವಾರ ಮೂರೂವರೆ..." ಆತ ಓದುತ್ತಿದ್ದರೆ ಆಕೆ ಗಂಡನ ಮುಖವನ್ನೇ ನೋಡುತ್ತಿದ್ದರು. ಆಕೆ ಗುಣವಾಗಲು ಇನ್ನೂ ದಿನ ಬೇಕು. ಆದರೆ ಆವತ್ತು ಮೂರನೆಯ ಕುರ್ಚಿ ಖಾಲಿ ಇರಲಿಲ್ಲ.