ವರ ಸಿಗೂಮಟ ಬಿ.ಎ.

ನಮ್ಮ ಕಡೆ ಹೆಣ್ಣುಮಕ್ಕಳ ಬಿ.ಎ. ಓದನ್ನು ಬಸ್‌ಸ್ಟ್ಯಾಂಡಿನ ಬೆಂಚಿನಂತೆ ಬಳಸುತ್ತಿದ್ದೇವೆ. ಬಸ್ಸು ಬರುವತನಕ ಕೂಡಲು ಒಂದು ಜಾಗ ಬೇಕು. ಬಂದ ಕೂಡಲೇ ಎದ್ದು ಹೋಗಬೇಕು. ರೋಣ, ನರಗುಂದ, ಗಜೇಂದ್ರಗಡ, ಯಾವ ಊರಿನ ಓಣಿಯಲ್ಲಿ ಕೇಳಿದರೂ ಮಾತು ಒಂದೇ: "ಬಿ.ಎ. ಓದಿ ಏನ್ ಮಾಡೂದೈತ್ರಿ ಅಕ್ಕಾರ? ಚಲೋ ವರ ಸಿಗೂಮಟ ಓದ್ಲಿ ಅಂತ ಹಚ್ಚೇವಿ."

ಈ ಮಾತಿಗೆ ನನ್ನ ವಿರೋಧವಿದೆ. ನಾನೂ ಬಿ.ಎ. ಓದಿದವಳೇ. ಆ ಪದವಿಯ ಮೇಲೆ ಬಿ.ಎಡ್. ಮಾಡಿ, ಇಷ್ಟು ವರ್ಷ ಪಾಠ ಹೇಳಿ ಅನ್ನ ಉಂಡಿದ್ದೇನೆ. ಬಿ.ಎ. ನಿರುಪಯೋಗಿ ಎನ್ನುವವರು ನನ್ನ ಮುಂದೆ ಕುಳಿತು ಹೇಳಲಿ.

ಮೊದಲು ಸರಕಾರದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಯಿತು. ಹಳ್ಳಿಯ ಹುಡುಗಿ ಕಾಲೇಜಿಗೆ ಹೋಗಲು ಅಪ್ಪನ ಮುಂದೆ ಕೈಯೊಡ್ಡುವುದು ತಪ್ಪಿತು. ಇದು ಸಣ್ಣ ಉಪಕಾರವಲ್ಲ. ಆದರೆ ಅದೇ ವರ್ಷದ ನವೆಂಬರದಲ್ಲಿ ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಕೆಲಸ ಕಾಯಂ ಮಾಡಿರೆಂದು ಮುಷ್ಕರ ಹೂಡಿದರು. ಇಡೀ ರಾಜ್ಯದಲ್ಲಿ ಅವರ ಸಂಖ್ಯೆ 10,000ಕ್ಕೂ ಹೆಚ್ಚು. ಎಷ್ಟೋ ವಾರ ಪಾಠಗಳು ನಿಂತವು. ಬಸ್ಸು ಉಚಿತ, ಕಾಲೇಜಿನ ಬಾಗಿಲು ತೆರೆದಿದೆ, ಒಳಗೆ ಪಾಠ ಹೇಳುವವರಿಲ್ಲ!

ಇನ್ನು ಪಠ್ಯಕ್ರಮ. ಹೊಸ ಶಿಕ್ಷಣ ನೀತಿ ಎಂದು 2021ರಲ್ಲಿ ದೇಶಕ್ಕಿಂತ ಮೊದಲು ನಮ್ಮ ರಾಜ್ಯವೇ ನಾಲ್ಕು ವರ್ಷದ ಪದವಿಯನ್ನು ತಂದಿತು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವ ನೀತಿ ಮೇಲು ಎಂಬ ವಾದ ಬಲ್ಲವರಿಗೆ ಬಿಟ್ಟದ್ದು. ಅಕ್ಕ ಒಂದು ಪದ್ಧತಿಯಲ್ಲಿ ಓದಿ, ತಂಗಿ ಇನ್ನೊಂದರಲ್ಲಿ ಓದಿದರೆ ಅಕ್ಕನ ಪುಸ್ತಕ ತಂಗಿಗೆ ಬರುವುದಿಲ್ಲವೆಂಬುದು ಮಾತ್ರ ನನಗೆ ಗೊತ್ತು.

ಆದರೆ ಸರಕಾರವನ್ನಷ್ಟೇ ಬೈದು ಎಲೆ ಅಡಿಕೆ ಹಾಕಿಕೊಂಡು ಕುಳಿತರೆ ಆಗಲಿಲ್ಲ. ಪಾಠವಿಲ್ಲವೆಂದು ಯಾವ ತಾಯಿ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರನ್ನು ಕೇಳಿದ್ದಾಳೆ? ಕಾಯುವ ಜಾಗದಲ್ಲಿ ಪಾಠ ನಡೆದರೇನು, ಬಿಟ್ಟರೇನು ಎಂಬ ಭಾವನೆ ನಮ್ಮಲ್ಲಿಯೇ ಇದೆ. ಮನೆಯವರಿಗೆ ಬೇಡವಾದ ಓದು ಸರಕಾರಕ್ಕೆ ಏಕೆ ಬೇಕು?

ವಯಸ್ಸಿನ ಲೆಕ್ಕ ನೋಡಿರಿ. ಕಾನೂನಿನಂತೆ ಹೆಣ್ಣಿಗೆ 18 ತುಂಬಿದರೆ ಮದುವೆ ಮಾಡಬಹುದು. ಆಕೆ ಪದವಿಗೆ ಸೇರುವುದೂ 18ಕ್ಕೇ, ಮುಗಿಸುವುದು 21ಕ್ಕೆ. ಮದುವೆಯ ವಯಸ್ಸನ್ನು 21ಕ್ಕೆ ಏರಿಸಬೇಕೆಂದು 2021ರಲ್ಲಿ ಲೋಕಸಭೆಗೆ ಬಂದ ಮಸೂದೆ 2024ರಲ್ಲಿ ಆ ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಎಂದರೆ ಈ ಮೂರು ವರ್ಷ ಹುಡುಗಿಯನ್ನು ಕಾಯುವುದಕ್ಕೆ ಕಾನೂನಿಲ್ಲ, ಪೊಲೀಸರಿಲ್ಲ. ಇರುವವಳು ತಾಯಿ ಒಬ್ಬಳೇ.

ಆ ತಾಯಿಯನ್ನು ಮರುಳು ಮಾಡಲು ಒಂದು ಸಿಹಿಮಾತು ಇದೆ: "ಮದುವಿ ಆದಮ್ಯಾಲ ನಾವ ಓದಸ್ತೀವಿ ಬಿಡ್ರಿ." ನಾನು ಬಲ್ಲ ಒಬ್ಬ ಹುಡುಗಿ, ಇತಿಹಾಸದಲ್ಲಿ ಬಲು ಜಾಣೆ, ನಾಲ್ಕನೆಯ ಸೆಮಿಸ್ಟರಿನಲ್ಲಿದ್ದಾಗ ಈ ಮಾತಿನ ಮೇಲೆ ಮದುವೆಯಾಯಿತು. ಪರೀಕ್ಷೆಯ ಹೊತ್ತಿಗೆ ಗಂಡನ ಮನೆಯಲ್ಲಿ ದೇವರ ಕಾರ್ಯವಿತ್ತು. ಮುಂದಿನ ಪರೀಕ್ಷೆಗೆ ಆಕೆ ಬಸುರಿ. ಮಾತು ಕೊಟ್ಟವರು ಕೆಟ್ಟವರೇನಲ್ಲ. ಅವರಿಗೆ ನೆನಪೇ ಉಳಿದಿರಲಿಲ್ಲ. ಹಾಲ್‌ಟಿಕೇಟು ಆಕೆಯ ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ.

ಅರ್ಧ ಪದವಿಗೆ ಬೆಲೆ ಇಲ್ಲ. ಪಿ.ಡಿ.ಒ. ಆಗಬೇಕಾದರೆ, ಪ್ರಥಮ ದರ್ಜೆ ಸಹಾಯಕಿಯಾಗಬೇಕಾದರೆ, ಕೆ.ಎ.ಎಸ್. ಪರೀಕ್ಷೆಗೆ ಕೂಡಬೇಕಾದರೆ ಪೂರ್ತಿ ಪದವಿ ಬೇಕು. ನಾಲ್ಕು ಸೆಮಿಸ್ಟರು ಓದಿದವಳೂ ಪಿ.ಯು.ಸಿ. ಪಾಸಾದವಳೂ ಆ ಅರ್ಜಿಯ ಮುಂದೆ ಒಂದೇ. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಕೇಳಿರಿ: ಪಟ್ಟೇದಂಚಿನ ಸೀರೆಯನ್ನು ಅರ್ಧ ನೇಯ್ದು ಮಗ್ಗದಿಂದ ಕತ್ತರಿಸಿದರೆ ಅದನ್ನು ಉಡುವವರು ಯಾರು? ಸೆರಗು ಬರುವತನಕ ಕೈ ನಿಲ್ಲಬಾರದು.

"ಹೆಚ್ಚು ಓದಿಸಿದರ ಹೆಚ್ಚು ಓದಿದ ವರ ಬೇಕು, ವರದಕ್ಷಿಣೆ ಹೆಚ್ಚು" ಎಂಬ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. 1961ರಿಂದ ವರದಕ್ಷಿಣೆ ನಿಷೇಧ ಕಾಯ್ದೆ ಇದ್ದೂ ಆ ಭಯ ಹೋಗಿಲ್ಲ. ಆದರೆ ಕೊಟ್ಟ ಬಂಗಾರ ಎರಡು ವರ್ಷದಲ್ಲಿ ಸೊಸೈಟಿಯಲ್ಲಿ ಒತ್ತೆ ಬೀಳುವುದನ್ನು ನಾವು ನೋಡಿಲ್ಲವೇ? ಪದವಿಯನ್ನು ಯಾವ ಗಂಡನೂ ಒತ್ತೆ ಇಡಲಾರ. ಇದೇ ಮನೆಯಲ್ಲಿ ಮಗ ಮೂರು ಸಲ ನಪಾಸಾದರೂ "ಗಂಡುಹುಡುಗ, ಮುಂದಿನ ಸಲ ಪಾಸಾಗ್ತಾನ" ಎಂದು ಫೀ ತುಂಬುತ್ತೇವೆ. ಮಗಳು ಪ್ರಥಮ ದರ್ಜೆಯಲ್ಲಿ ಪಾಸಾದರೂ ಜಾತಕ ತೆಗೆಯುತ್ತೇವೆ.

ದೂರದ ಮಾತೂ ಇದೆ. ಗಜೇಂದ್ರಗಡದಿಂದ ಗದಗಿಗೆ ಸುಮಾರು 50 ಕಿಲೋಮೀಟರು. ಎಂ.ಎ. ಎಂದರೆ ಧಾರವಾಡ, ವಿಜಯಪುರ ಎಂದು ಎದೆ ನಡುಗುತ್ತದೆ. ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ ಇಂದು ಅಕ್ಕಮಹಾದೇವಿಯ ಹೆಸರಿದೆ. ಮನೆ ಬಿಟ್ಟು ಕಲ್ಯಾಣದವರೆಗೆ ಒಬ್ಬಳೇ ನಡೆದ ಅಕ್ಕನಿಗೆ ನಾವು ಕೈಮುಗಿಯುತ್ತೇವೆ. ಮಗಳನ್ನು ಹಾಸ್ಟೆಲಿಗೆ ಕಳಿಸುವಾಗ ಮಾತ್ರ ಹಿಂಜರಿಯುತ್ತೇವೆ!

ಹಣದ ಅಡಚಣೆ ಇದ್ದವರು ಕೇಳಿರಿ. ಸರಕಾರಿ ಶಾಲೆ, ಸರಕಾರಿ ಪಿ.ಯು. ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ವಿದ್ಯಾರ್ಥಿವೇತನವನ್ನು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು 2025ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭಿಸಿದರು. ಇಂಥ ಅರ್ಜಿಯ ಸುದ್ದಿಯನ್ನು ಕಾಲೇಜಿನಲ್ಲಿ ವಿಚಾರಿಸುವುದು ಅಪ್ಪನ ಕೆಲಸವೆಂದು ಬಿಡಬೇಡಿರಿ.

ನಾನು ಮದುವೆ ಬೇಡ ಎನ್ನುವವಳಲ್ಲ. ಮೂರು ವರ್ಷ ತಡೆಯಿರಿ ಎನ್ನುತ್ತೇನೆ. ಆರನೆಯ ಸೆಮಿಸ್ಟರಿನ ಫಲಿತಾಂಶ ಬರುವವರೆಗೆ ಕನ್ಯಾ ತೋರಿಸುವುದಿಲ್ಲ ಎಂದು ಒಂದೊಂದು ಓಣಿಯಲ್ಲಿ ಐದು ಜನ ತಾಯಂದಿರು ಈ ವರ್ಷ ಗಟ್ಟಿಯಾಗಿ ಹೇಳಲಿ. ವರನ ಕಡೆಯವರೂ ಕಾಯುವುದನ್ನು ಕಲಿಯುತ್ತಾರೆ.