ದೆವ್ವಕ್ಕೂ ಒಂದು ಊರಿರುತ್ತದೆ!

ಹಾಲಿವುಡ್ಡೇ ಸಿನಿಮಾದ ಸ್ವರ್ಗ ಎಂದು ಬೀಗುವ ಗೆಳೆಯರೇ, ಸ್ವಲ್ಪ ಪೂರ್ವಕ್ಕೆ ತಿರುಗಿ ನೋಡಿ. ಜಪಾನಿನ ‘ರಿಂಗು’ ಬಂದದ್ದು 1998ರಲ್ಲಿ. ನಾಲ್ಕೇ ವರ್ಷಕ್ಕೆ ಅದನ್ನು ರೀಮೇಕ್ ಮಾಡಿದ್ದು ಅದೇ ಹಾಲಿವುಡ್!

ಥಾಯ್ಲೆಂಡಿನ ‘ಪೀ ಮಾಕ್’ (2013) ನೋಡಿ. ಹೆರಿಗೆಯಲ್ಲಿ ಸತ್ತರೂ, ಯುದ್ಧಕ್ಕೆ ಹೋದ ಗಂಡನಿಗಾಗಿ ಕಾಯುವ ನಾಕ್ ಎಂಬಾಕೆಯ ಕಥೆ ಅಲ್ಲಿ ಮನೆಮಾತು. ಅದಕ್ಕೆ ಗಂಡನ ನಾಲ್ವರು ಪುಕ್ಕಲು ಗೆಳೆಯರನ್ನು ಸೇರಿಸಿದರು. ಜನ ಬೆಚ್ಚಿದರು, ನಕ್ಕರು, ಕೊನೆಗೆ ಕಣ್ಣೊರೆಸಿಕೊಂಡರು. ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ಗೆ (2017) ಖರ್ಚಾದದ್ದು ಸುಮಾರು 30 ಲಕ್ಷ ಯೆನ್. ಬಾಚಿದ್ದು 300 ಕೋಟಿ ಯೆನ್‌ಗೂ ಹೆಚ್ಚು! ಮೊದಲ 37 ನಿಮಿಷದ ಒಂದೇ ಶಾಟ್‌ನ ಎಡವಟ್ಟುಗಳೇ ಆಮೇಲೆ ನಗೆಯ ಬುಗ್ಗೆ.

ಹಾಗಾದರೆ ಹುಳುಕಿಲ್ಲವೇ? ಧಾರಾಳವಾಗಿದೆ. ಗೆದ್ದ ಕುದುರೆಯನ್ನು ಸಾಯುವ ತನಕ ಓಡಿಸುವ ಚಟ! ‘ರಿಂಗು’ವಿನ ಸಡಾಕೋಳನ್ನು ಎಳೆದೆಳೆದು, 2016ರಲ್ಲಿ ‘ಜು-ಆನ್’ ದೆವ್ವದ ಜೊತೆ ಕುಸ್ತಿಗೇ ಬಿಟ್ಟರು. ಕೊರಿಯಾದ ‘ಟ್ರೇನ್ ಟು ಬೂಸಾನ್’ (2016) ಅಪ್ಪ-ಮಗಳ ಸಂಕಟದಿಂದ ಗೆದ್ದಿತು. ಅದರ ಬೆನ್ನಿಗೆ ಬಂದ ‘ಪೆನಿನ್ಸುಲಾ’ (2020) ಹಾಲಿವುಡ್ ಮಾದರಿಯ ಕಾರ್ ಚೇಸಿಂಗಿನಲ್ಲಿ ಕಳೆದುಹೋಯಿತು.

ನಮಗೇನು ಅಂತೀರಾ? ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ವಾಪಸ್ ಕಳಿಸಿದವರು ನಾವು. 2018ರಲ್ಲಿ ಅದೇ ಎಳೆಯನ್ನು ಹಿಡಿದು ‘ಸ್ತ್ರೀ’ ಮಾಡಿ ಕೋಟಿ ಎಣಿಸಿದವರು ಹಿಂದಿಯವರು! 2025ರ ‘ಸು ಫ್ರಮ್ ಸೋ’ ಕರಾವಳಿಯ ಹಳ್ಳಿಯಲ್ಲೇ ದೆವ್ವ ಹಿಡಿಸಿ, ನಗಿಸಿ, ಗೆದ್ದು ತೋರಿಸಿತು. ನಿರ್ಮಾಪಕರೇ, ದೆವ್ವಕ್ಕೆ ಹೇಳಿದಂತೆ ನಮ್ಮ ಕಥೆಗಳಿಗೂ ‘ನಾಳೆ ಬಾ’ ಎನ್ನಬೇಡಿ!